ಅಪ್ಪ ನಿಲ್ಲಿಸಿದ್ದೇ ಸ್ಟಾಪು

ಅಮೆರಿಕದ ಹೆದ್ದಾರಿಯಲ್ಲಿ ಹೋಗುವಾಗ ಒಂದಲ್ಲ ಒಂದು ಮನೆ ನಿಮ್ಮನ್ನು ಓವರ್‌ಟೇಕ್ ಮಾಡಿಕೊಂಡು ಹೋಗುತ್ತದೆ. ಅಡುಗೆಮನೆ, ಬಚ್ಚಲು, ಮಂಚ, ಕಿಟಕಿಗೆ ಪರದೆ, ಹಿಂದುಗಡೆ ಕಟ್ಟಿದ ಎರಡು ಸೈಕಲ್ಲು, ಕೆಲವೊಮ್ಮೆ ಕಿಟಕಿಗೆ ಮೂತಿ ಒತ್ತಿಕೊಂಡು ಕೂತ ನಾಯಿ ಸಮೇತ. ರಿಕ್ರಿಯೇಷನಲ್ ವೆಹಿಕಲ್ ಅಂತ ಇದರ ಪೂರ್ತಿ ಹೆಸರು. ಅಷ್ಟುದ್ದ ಯಾರೂ ಹೇಳುವುದಿಲ್ಲ, ಆರ್‌ವಿ ಅಂದರೆ ಸಾಕು.

ಇದರಲ್ಲೂ ಜಾತಿಗಳಿವೆ. ಬಸ್ಸಿನಷ್ಟೇ ದೊಡ್ಡದು ಕ್ಲಾಸ್ ಎ. ವ್ಯಾನಿನ ಹೊಟ್ಟೆಯೊಳಗೇ ಸಂಸಾರ ಹೂಡಿದ್ದು ಕ್ಲಾಸ್ ಬಿ. ಮುಂದೆ ವ್ಯಾನಿನ ಮೂತಿ, ಹಿಂದೆ ಪೆಟ್ಟಿಗೆಯಂಥ ಮನೆ, ಡ್ರೈವರ್ ತಲೆಯ ಮೇಲೆ ಅಟ್ಟದ ಹಾಗೆ ಒಂದು ಮಂಚ ಇರುವುದು ಕ್ಲಾಸ್ ಸಿ. ಇಂಜಿನ್ನೇ ಇಲ್ಲದೆ ಪಿಕಪ್ ಟ್ರಕ್ಕಿನ ಬೆನ್ನಿಗೆ ಬಿದ್ದು ಹೋಗುವವು ಟ್ರೇಲರ್‌ಗಳು. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಪಿಕಪ್ ಟ್ರಕ್ಕಿನ ಮೇಲೆ ಪುಟ್ಟ ಮನೆಯೊಂದನ್ನು ಕೂರಿಸಿಕೊಂಡು, ಅದಕ್ಕೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರಿಟ್ಟು, ಚಾರ್ಲಿ ಎಂಬ ನಾಯಿಯ ಜೊತೆ ದೇಶ ಸುತ್ತಿದ. ಪ್ರವಾಸದ ಪುಸ್ತಕ 1962ರಲ್ಲಿ ಬಂತು, ಅದೇ ವರ್ಷ ಅವನಿಗೆ ನೊಬೆಲ್ ಕೂಡ ಬಂತು. ಇಲ್ಲಿ ನಿವೃತ್ತರಾದವರು ‘ಇನ್ನು ಗಾಡಿ ತಗೊಂಡು ಹೊರಡೋದೇ’ ಅನ್ನುವುದರ ಹಿಂದೆ ಇಂಥ ಹಳೆಯ ಕಥೆಗಳಿವೆ.

ನಾನು ನಿವೃತ್ತಳಲ್ಲ. ಕೆಲಸವೇ ಸಿಕ್ಕಿಲ್ಲ, ಇನ್ನು ನಿವೃತ್ತಿ ಎಲ್ಲಿಂದ! ಅರಿಝೋನಾದಲ್ಲಿ ಈ ಮೇ ತಿಂಗಳಲ್ಲಿ ಎಂಎಸ್ ಮುಗಿಸಿದೆ. ಇಲ್ಲಿಗೆ ಓದಲು ಬರಬೇಕೆಂದಿರುವವರಿಗೆ ಒಂದು ಲೆಕ್ಕ ಗೊತ್ತಿರಲಿ. ಡಿಗ್ರಿ ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಓಪಿಟಿ ಅಂತ 12 ತಿಂಗಳ ಕೆಲಸದ ಅನುಮತಿ ಸಿಗುತ್ತದೆ. ಆದರೆ ಆ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಶನಿವಾರ, ಭಾನುವಾರ, ಜ್ವರ ಬಂದ ದಿನ ಎಲ್ಲವೂ ಆ ತೊಂಬತ್ತರಲ್ಲೇ ಸೇರಿ ಹೋಗುತ್ತವೆ. ನನ್ನ ರೂಮಿನ ಗೋಡೆಯ ಮೇಲೆ ಒಂದು ಕ್ಯಾಲೆಂಡರಿದೆ, ಅದರಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತೇನೆ.

ಹನ್ನೊಂದು ಗೆರೆ ಎಳೆದಿದ್ದಾಗ ಅಣ್ಣ ಫೋನ್ ಮಾಡಿ, ‘ಐದು ದಿನ ರಜಾ ಹಾಕಿದೀನಿ. ಆರ್‌ವಿ ಬುಕ್ ಮಾಡಿದೀನಿ. ಅಪ್ಪ ಅಮ್ಮ, ನಾನು, ನಿನ್ನತ್ತಿಗೆ, ನೀನು’ ಅಂದ. ಅಪ್ಪ ಅಮ್ಮ ನನ್ನ ಘಟಿಕೋತ್ಸವಕ್ಕೆಂದು ಬಂದಿದ್ದರು. ಕೆಲಸ ಹುಡುಕೋದು ಬಿಟ್ಟು ಎಲ್ಲಿಗೆ ಬರಲಿ ಅಂದೆ. ‘ಲ್ಯಾಪ್‌ಟಾಪ್ ಹಾಕ್ಕೊ. ಮನೆಯಲ್ಲಿ ಕೂತು ಅಪ್ಲೈ ಮಾಡೋದನ್ನ ಅಲ್ಲೂ ಮಾಡು, ಅದೂ ಮನೆಯೇ’ ಅಂದ.

ಇಲ್ಲಿ ಅಪ್ಪನ ಬಗ್ಗೆ ಸ್ವಲ್ಪ ಹೇಳಲೇಬೇಕು. ಅಪ್ಪ ಸಾರಿಗೆ ಸಂಸ್ಥೆಯಲ್ಲಿ 32 ವರ್ಷ ಡ್ರೈವರ್ ಆಗಿದ್ದವರು. ಬಹುಪಾಲು ಸರ್ವಿಸ್ ಚಿಕ್ಕಮಗಳೂರು ಕಡೆಯ ಮಾರ್ಗಗಳಲ್ಲೇ ಕಳೆಯಿತು. ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ ಇಳಿದು ಉಜಿರೆ, ಧರ್ಮಸ್ಥಳ. ಅಪಘಾತವಿಲ್ಲದೆ ಓಡಿಸಿದ್ದಕ್ಕೆ ಸಿಕ್ಕ ಬೆಳ್ಳಿ ಪದಕ ದೇವರ ಕೋಣೆಯಲ್ಲಿದೆ. ಮಳೆಗಾಲದಲ್ಲಿ ಚಾರ್ಮಾಡಿಯ ತಿರುವು ತಿರುವಿನಲ್ಲೂ ನೀರು ಧುಮುಕುತ್ತದಲ್ಲ, ಅಲ್ಲಿ ಕಾರಿನವರೆಲ್ಲ ಇಳಿದು ಫೋಟೊ ತೆಗೆಸಿಕೊಳ್ಳುತ್ತಿರುವಾಗ ಅಪ್ಪ ಹಾರ್ನ್ ಹೊಡೆದು ದಾರಿ ಬಿಡಿಸಿಕೊಳ್ಳುತ್ತಿದ್ದರಂತೆ. ಸಾವಿರ ಸಲ ಆ ದಾರಿಯಲ್ಲಿ ಹೋದವರು ಒಂದು ಸಲವೂ ಅಲ್ಲಿ ಇಳಿದವರಲ್ಲ. ‘ಟೈಮಿಂಗ್ಸ್ ಇರುತ್ತಲ್ಲ ಪುಟ್ಟಿ’ ಅನ್ನುತ್ತಾರೆ.

ನೈಟ್ ಹಾಲ್ಟ್ ಬಸ್ಸು ಅಂದರೆ ಹಳ್ಳಿ ಕಡೆಯವರಿಗೆ ಗೊತ್ತು. ರಾತ್ರಿ ಕೊನೆಯ ಬಸ್ಸು ಊರಿಗೆ ಬಂದು ಅಲ್ಲೇ ತಂಗಿ, ಬೆಳಗಿನ ಮೊದಲ ಬಸ್ಸಾಗಿ ಹೊರಡುತ್ತದೆ. ಡ್ರೈವರ್, ಕಂಡಕ್ಟರ್ ಬಸ್ಸಿನಲ್ಲೇ ಮಲಗಬೇಕು. ಹಿಂದಿನ ಉದ್ದ ಸೀಟು ಒಬ್ಬರಿಗೆ, ನಡುವಿನ ಜಾಗದಲ್ಲಿ ಚಾಪೆ ಹಾಸಿಕೊಂಡು ಇನ್ನೊಬ್ಬರು. ಸೊಳ್ಳೆಗೆ ಬತ್ತಿ, ಮುಖ ತೊಳೆಯಲು ಊರಿನ ಬೋರ್‌ವೆಲ್ಲು, ಊಟಕ್ಕೆ ಯಾರೋ ಪುಣ್ಯಾತ್ಮರ ಮನೆಯ ಮುದ್ದೆ ಸಾರು. ನಾವು ಚಿಕ್ಕವರಿದ್ದಾಗ ವಾರದಲ್ಲಿ ಮೂರು ರಾತ್ರಿ ಅಪ್ಪ ಮನೆಯಲ್ಲಿರುತ್ತಿರಲಿಲ್ಲ. ವಾಹನದಲ್ಲಿ ಮಲಗುವುದು ಅವರಿಗೆ ಹೊಸತಲ್ಲ. ಆದರೆ ಅದನ್ನು ಮೋಜು ಅಂತ ದುಡ್ಡು ಕೊಟ್ಟು ಮಾಡುತ್ತಾರೆಂಬುದು ಹೊಸತು.

ನಮ್ಮದು 28 ಅಡಿಯ ಕ್ಲಾಸ್ ಸಿ. ಇದಕ್ಕೆ ಇಲ್ಲಿ ವಿಶೇಷ ಲೈಸೆನ್ಸ್ ಬೇಡ, ಕಾರಿನ ಲೈಸೆನ್ಸೇ ಸಾಕು. ಬಾಡಿಗೆ ಕೊಡುವ ಕಚೇರಿಯವರು ಒಂದು ವಿಡಿಯೊ ತೋರಿಸಿ ಕೀಲಿ ಕೊಟ್ಟುಬಿಟ್ಟರು. ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡು ಬಂದಿದ್ದ ಅಪ್ಪನ ಹೆಸರನ್ನೂ ಎರಡನೇ ಡ್ರೈವರ್ ಅಂತ ಸೇರಿಸಿದೆವು. ಅಪ್ಪ ಮೊದಲು ಗಾಡಿಯ ಸುತ್ತ ಒಂದು ಸುತ್ತು ಬಂದು ಎಲ್ಲ ಟೈರಿಗೂ ಕಾಲಿಂದ ಒದ್ದು ನೋಡಿದರು. ಆಮೇಲೆ ಒಳಗೆ ಹತ್ತಿ ಗ್ಯಾಸ್ ಒಲೆ, ಫ್ರಿಜ್ಜು, ಕಕ್ಕಸು, ಷವರ್, ಮಡಚಿದರೆ ಊಟದ ಮೇಜಾಗುವ ಮಂಚ ಎಲ್ಲ ನೋಡಿ, ‘ಇಷ್ಟೆಲ್ಲ ಇಟ್ಕೊಂಡು ಗಾಡಿ ಘಾಟಿ ಹತ್ತುತ್ತಾ?’ ಅಂದರು.

ಹತ್ತಿತು. ಫೀನಿಕ್ಸ್ ಊರು ಸಮುದ್ರಮಟ್ಟದಿಂದ ಸುಮಾರು 1,100 ಅಡಿ, ಫ್ಲ್ಯಾಗ್‌ಸ್ಟಾಫ್ ಸುಮಾರು 7,000 ಅಡಿ. ನಡುವೆ ಎರಡೂವರೆ ತಾಸಿನ ದಾರಿ. ಏರು ಶುರುವಾಗುವಲ್ಲಿ ‘ಇಂಜಿನ್ ಬಿಸಿಯಾಗದಂತೆ ಎಸಿ ಆರಿಸಿ’ ಅಂತ ಬೋರ್ಡೇ ಹಾಕಿದ್ದಾರೆ. ಊರಿನಿಂದ ಹೊರಗೆ ಬಂದ ಮೇಲೆ ಅಪ್ಪ ಸ್ಟಿಯರಿಂಗ್ ಹಿಡಿದರು. ಮೊದಲ ಅರ್ಧ ತಾಸು ಇಂಡಿಕೇಟರ್ ಹಾಕಲು ಹೋದಾಗಲೆಲ್ಲ ವೈಪರ್ ಓಡಿತು. ಆಮೇಲೆ ಅವರು ನಮ್ಮ ಜೊತೆ ಮಾತು ನಿಲ್ಲಿಸಿದರು. ಚಾರ್ಮಾಡಿಯಲ್ಲೂ ಹಾಗೇ ಅಂತೆ, ಏರಿನಲ್ಲಿ ಮಾತಿಲ್ಲ. ಎರಡಾಳು ಎತ್ತರದ ಸಗುವಾರೊ ಕಳ್ಳಿಗಳು ಹಿಂದೆ ಸರಿದು ಪೈನ್ ಮರಗಳು ಬಂದವು, ಕಿಟಕಿಯ ಗಾಳಿ ತಣ್ಣಗಾಯಿತು. ರಸ್ತೆ ಬದಿಯ ತಂಗುದಾಣವೊಂದರಲ್ಲಿ ಅಪ್ಪ ತಾವಾಗಿಯೇ ಗಾಡಿ ನಿಲ್ಲಿಸಿದರು. ಯಾಕೆ ಅಂತ ಅಣ್ಣ ಕೇಳಿದ. ‘ಸುಮ್ನೆ. ಚೆನ್ನಾಗಿದೆ ಇಲ್ಲಿ’ ಅಂದರು. ಅಮ್ಮ ಅಲ್ಲೇ ಒಲೆ ಹಚ್ಚಿ ಚಹಾ ಮಾಡಿದಳು. ಹಿಂದಿನ ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕೂತು ಐದೂ ಜನ ಕುಡಿದೆವು.

ಕಾರಿನಲ್ಲಿ ಹೋಗಿ ಹೋಟೆಲಿನಲ್ಲಿ ಇಳಿದುಕೊಳ್ಳುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಅಲ್ಲೇ ಗೊತ್ತಾಗಿದ್ದು. ಚೆಕ್‌ಇನ್ ಟೈಮಿಲ್ಲ, ‘ಕತ್ತಲಾಗುವುದರೊಳಗೆ ಮುಟ್ಟಬೇಕು’ ಇಲ್ಲ, ಬ್ಯಾಗು ಬಿಚ್ಚಿ ಮತ್ತೆ ಕಟ್ಟುವುದಿಲ್ಲ. ಹಸಿವಾದರೆ ಹೋಟೆಲ್ ಹುಡುಕುವುದಿಲ್ಲ. ದಾರಿಯಲ್ಲೇ ಊರು ಬಂದುಬಿಟ್ಟಿರುತ್ತದೆ.

ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣ ಅಂಚಿನಲ್ಲಿ ಮಾದರ್ ಕ್ಯಾಂಪ್‌ಗ್ರೌಂಡ್ ಅಂತ ಇದೆ. ಆರು ತಿಂಗಳ ಮೊದಲೇ ಬುಕಿಂಗ್ ತೆರೆದು, ಬೇಸಿಗೆಯ ದಿನಗಳು ಬೇಗನೆ ತುಂಬಿಹೋಗುತ್ತವೆ. ಯಾರೋ ರದ್ದು ಮಾಡಿದ ಜಾಗ ಅಣ್ಣನಿಗೆ ಸಿಕ್ಕಿತ್ತು. ನಮ್ಮ ಜಾಗಕ್ಕೆ ಗಾಡಿಯನ್ನು ರಿವರ್ಸ್ ಹಾಕಿ ಸೇರಿಸಬೇಕು. ಒಂದು ಕಡೆ ಪೈನ್ ಮರ, ಇನ್ನೊಂದು ಕಡೆ ಕಲ್ಲು ಬೆಂಚು. ಆರ್‌ವಿ ರಿವರ್ಸ್ ಮಾಡುವುದು ಕ್ಯಾಂಪಿನವರಿಗೆಲ್ಲ ಸಂಜೆಯ ಮನರಂಜನೆ. ಕುರ್ಚಿ ತಿರುಗಿಸಿಕೊಂಡು ಕೂತು ನೋಡುತ್ತಾರೆ. ಅಣ್ಣ ಎರಡು ಸಲ ಹಾಕಿ ತೆಗೆದ. ಅಪ್ಪ, ‘ಇಳಿ ನೀನು. ಕಂಡಕ್ಟರಮ್ಮ ಎಲ್ಲಿ? ಹಿಂದೆ ಹೋಗು ಪುಟ್ಟಿ’ ಅಂದರು. ನಾನು ಹಿಂದೆ ನಿಂತು ಗಾಡಿಯ ಮೈ ತಟ್ಟುತ್ತಾ ‘ರೈಟ್, ರೈಟ್, ರೈಟ್, ಹೋಲ್ಡಾನ್!’ ಅಂದೆ. ಒಂದೇ ಸಲಕ್ಕೆ ಕೂತಿತು. ಪಕ್ಕದ ಜಾಗದ ಅಜ್ಜ ಎದ್ದು ನಿಂತು ಚಪ್ಪಾಳೆ ಹೊಡೆದ.

ಮಾದರ್‌ನಲ್ಲಿ ‘ಹುಕ್‌ಅಪ್’ ಇಲ್ಲ. ಅಂದರೆ ಗಾಡಿಗೆ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡುವ ವ್ಯವಸ್ಥೆ ಇಲ್ಲ. ದುಬಾರಿ ಕ್ಯಾಂಪುಗಳಲ್ಲಿ ಮೂರೂ ಇರುತ್ತವೆ, ಅಲ್ಲಿ ಫ್ಲ್ಯಾಟಿನಲ್ಲಿ ಇದ್ದ ಹಾಗೇ ಇರಬಹುದು. ನನ್ನನ್ನು ಕೇಳಿದರೆ ಇಲ್ಲದಿರುವುದೇ ಚೆಂದ. ಬ್ಯಾಟರಿ ಇಷ್ಟೇ, ಟ್ಯಾಂಕಿನಲ್ಲಿ ನೀರು ಸುಮಾರು 150 ಲೀಟರು, ಸಿಲಿಂಡರಿನಲ್ಲಿ ಗ್ಯಾಸ್ ಇಷ್ಟು ಅಂತ ಗೋಡೆಯ ಮೇಲಿನ ಪುಟ್ಟ ದೀಪಗಳು ತೋರಿಸುತ್ತಿರುತ್ತವೆ. ಜನರೇಟರನ್ನು ನಿಗದಿತ ಹೊತ್ತಿನಲ್ಲಿ ಮಾತ್ರ ಓಡಿಸಬೇಕು. ರಾತ್ರಿ ಹತ್ತರ ಮೇಲೆ ಸದ್ದಿಲ್ಲ.

ಇದರಲ್ಲಿ ಎಲ್ಲರಿಗಿಂತ ಜಾಣೆ ಅಂತ ಅನ್ನಿಸಿಕೊಂಡವಳು ಅಮ್ಮ. ಎರಡು ದಿನಕ್ಕೊಮ್ಮೆ ನಲ್ಲಿ ಬರುವ ಮನೆಯಲ್ಲಿ ಡ್ರಮ್ಮು, ಕೊಳಗ, ಬಿಂದಿಗೆಗಳ ಲೆಕ್ಕದಲ್ಲಿ ಸಂಸಾರ ಮಾಡಿದವಳಿಗೆ 150 ಲೀಟರ್ ಯಾವ ಲೆಕ್ಕ! ಅತ್ತಿಗೆ ಇಂಟರ್ನೆಟ್ಟಿನಲ್ಲಿ ನೋಡಿ ‘ನೇವಿ ಷವರ್’ ಪಾಠ ಮಾಡಿದಳು. ಮೈ ಒದ್ದೆ ಮಾಡಿ ನಲ್ಲಿ ನಿಲ್ಲಿಸು, ಸೋಪು ಹಚ್ಚು, ಮತ್ತೆ ನಲ್ಲಿ ತಿರುಗಿಸು. ಅಮ್ಮ ಕೇಳಿಸಿಕೊಂಡು, ಒಂದು ಪಾತ್ರೆಯಲ್ಲಿ ನೀರು ಹಿಡಿದು ಚೊಂಬಿನಲ್ಲಿ ಸ್ನಾನ ಮುಗಿಸಿ ಬಂದಳು. ಅಕ್ಕಿ ತೊಳೆದ ನೀರಿನಲ್ಲಿ ಕುಕ್ಕರಿನ ತಳ ತೊಳೆಯುವುದು, ತಟ್ಟೆಯನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ನೀರು ಹಾಕುವುದು, ಇವೆಲ್ಲ ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಎರಡು ದಿನದ ಮೇಲೆ ನೋಡಿದರೆ ಟ್ಯಾಂಕು ಅರ್ಧವೂ ಖಾಲಿಯಾಗಿರಲಿಲ್ಲ.

ಕ್ಯಾನ್ಯನ್ ಬಗ್ಗೆ ಏನು ಹೇಳಲಿ? 446 ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರಿಗೂ ಹೆಚ್ಚು ಆಳ. ಫೋಟೊ ಎಲ್ಲರೂ ನೋಡಿದ್ದೀರಿ. ಫೋಟೊದಲ್ಲಿ ಇರದದ್ದು ಬೆಳಿಗ್ಗೆ ಐದೂಕಾಲಿಗೆ ಅಲ್ಲಿನ ಮೌನ. ದೂರದಿಂದ ಬರುವ ಪ್ರವಾಸಿಗರು ಇನ್ನೂ ದಾರಿಯಲ್ಲಿರುವಾಗ ನಾವು ಹಾಸಿಗೆಯಿಂದ ಎದ್ದು, ಸ್ವೆಟರ್ ಹಾಕಿಕೊಂಡು, ಅಂಚಿನಲ್ಲಿ ನಿಂತಿದ್ದೆವು. ವಾಪಸು ಬಂದರೆ ನಮ್ಮ ಗಾಡಿಯ ಪಕ್ಕದಲ್ಲೇ ಎಲ್ಕ್ ಒಂದು ಹುಲ್ಲು ಮೇಯುತ್ತಿತ್ತು. ಅಮ್ಮ ‘ಕಡವೆ, ಕಡವೆ’ ಅಂತ ಪಿಸುಗುಟ್ಟಿದಳು. ಅದೇ ಬಳಗದ್ದೇ, ತಪ್ಪೇನಿಲ್ಲ.

ಈಗ ಯಾರೂ ಬರೆಯದ ವಿಷಯಕ್ಕೆ ಬರೋಣ. ಆರ್‌ವಿಯಲ್ಲಿ ಎರಡು ಕೊಳೆ ಟ್ಯಾಂಕುಗಳಿರುತ್ತವೆ. ಪಾತ್ರೆ, ಸ್ನಾನದ ನೀರು ಸೇರುವುದು ಬೂದು ಟ್ಯಾಂಕು, ಕಕ್ಕಸಿನದು ಕಪ್ಪು ಟ್ಯಾಂಕು. ಡಂಪ್ ಸ್ಟೇಷನ್ ಅಂತ ಇರುತ್ತದೆ. ಅಲ್ಲಿ ಗಾಡಿ ನಿಲ್ಲಿಸಿ, ಗ್ಲೌಸ್ ಹಾಕಿಕೊಂಡು, ದಪ್ಪ ಪೈಪು ಸಿಕ್ಕಿಸಿ, ಮೊದಲು ಕಪ್ಪು ಟ್ಯಾಂಕು, ಆಮೇಲೆ ಬೂದು ಟ್ಯಾಂಕು ಖಾಲಿ ಮಾಡಬೇಕು. ಬೂದು ನೀರಿನಿಂದ ಪೈಪು ತೊಳೆದು ಹೋಗಲಿ ಅಂತ ಈ ಕ್ರಮ. ನಮ್ಮ ಮುಂದೆ ನಿಂತಿದ್ದ ಗಾಡಿ ಏನಿಲ್ಲವೆಂದರೂ ಎರಡು ಕೋಟಿ ರೂಪಾಯಿಯದು. ಅದರ ಒಡೆಯ, ಎಪ್ಪತ್ತರ ಮುದುಕ, ತಾನೇ ಬಗ್ಗಿ ಪೈಪು ಹಿಡಿದಿದ್ದ. ನಮ್ಮೂರಲ್ಲಿ ಪಿಟ್ಟು ತುಂಬಿದರೆ ಸಕ್ಕಿಂಗ್ ಮಷಿನ್ನಿನವರಿಗೆ ಫೋನ್ ಮಾಡಿ, ಅವರು ಬರುವ ಹೊತ್ತಿಗೆ ಮೂಗು ಮುಚ್ಚಿಕೊಂಡು ಮಹಡಿ ಹತ್ತುತ್ತೇವೆ. ಆ ಕೆಲಸ ಮಾಡಿದವರ ಮುಖವನ್ನೂ ನೋಡಿರುವುದಿಲ್ಲ. ಅಣ್ಣ ಹಿಂದೆ ಮುಂದೆ ನೋಡುತ್ತಿದ್ದ. ಎರಡನೇ ಸಲ ನಾನೇ ಗ್ಲೌಸ್ ಹಾಕಿಕೊಂಡೆ. ಹತ್ತು ನಿಮಿಷದ ಕೆಲಸ, ಸತ್ತೇನೂ ಹೋಗಲಿಲ್ಲ.

ಎರಡು ರಾತ್ರಿ ಅಲ್ಲಿ ಕಳೆದು ಮೂರನೆಯ ರಾತ್ರಿಗೆ ಪಾರ್ಕಿನ ಗೇಟು ದಾಟಿ ಕೈಬಾಬ್ ನ್ಯಾಷನಲ್ ಫಾರೆಸ್ಟಿನ ಮಣ್ಣು ರಸ್ತೆಗೆ ಇಳಿದೆವು. ಇಲ್ಲಿನ ರಾಷ್ಟ್ರೀಯ ಅರಣ್ಯಗಳಲ್ಲೂ ಸರ್ಕಾರಿ ಬಯಲುಗಳಲ್ಲೂ ಅನುಮತಿಯಿರುವ ಕಡೆ ಪುಕ್ಕಟೆಯಾಗಿ ತಂಗಬಹುದು, ಸಾಮಾನ್ಯವಾಗಿ 14 ದಿನದವರೆಗೆ. ಬ್ಯೂರೊ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಒಂದೇ ಇಲಾಖೆಯ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ಇದೆ. ಹೀಗೆ ಸೌಕರ್ಯವಿಲ್ಲದ ಕಡೆ ಬಿಡಾರ ಹೂಡುವುದಕ್ಕೆ ‘ಬೂನ್‌ಡಾಕಿಂಗ್’ ಅನ್ನುತ್ತಾರೆ. ನೀರಿಲ್ಲ, ಕಕ್ಕಸಿಲ್ಲ, ಕಸದ ಬುಟ್ಟಿಯಿಲ್ಲ. ತಂದದ್ದನ್ನೆಲ್ಲ ವಾಪಸು ಒಯ್ಯಬೇಕು. ಬೇಸಿಗೆಯ ಒಣಗಾಲದಲ್ಲಿ ಬೆಂಕಿ ಹಾಕುವುದಕ್ಕೆ ಆಗಾಗ ನಿಷೇಧವಿರುತ್ತದೆ, ಅದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಆ ರಾತ್ರಿ ಸುತ್ತ ಒಂದು ದೀಪವೂ ಇರಲಿಲ್ಲ. ಗ್ರ್ಯಾಂಡ್ ಕ್ಯಾನ್ಯನ್ನಿಗೆ 2019ರಲ್ಲಿ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ ಎಂಬ ಮಾನ್ಯತೆ ಸಿಕ್ಕಿದೆ, ಕಾಡಿನ ಈ ಕಡೆಯ ಆಕಾಶವೂ ಹಾಗೇ ಇದೆ. ಚಿತ್ರಾನ್ನ ತಿಂದು ಹೊರಗೆ ಕಂಬಳಿ ಹೊದ್ದು ಕೂತೆವು. ಹನ್ನೊಂದರ ಹೊತ್ತಿಗೆ ಪೂರ್ವ ದಿಕ್ಕಿನಿಂದ ಹಾಲಿನ ದಾರಿ ಮೇಲೆ ಬಂತು. ಅಪ್ಪ ನಿಧಾನಕ್ಕೆ, ‘ಇದೂ ಒಂದು ನೈಟ್ ಹಾಲ್ಟೇ’ ಅಂದರು. ಆಮೇಲೆ ತಾವೇ ಮುಂದುವರಿಸಿದರು. ಮೂಡಿಗೆರೆ ಕಡೆಯ ಒಂದು ಹಳ್ಳಿಯ ಹಾಲ್ಟಿನಲ್ಲಿ ಹೀಗೇ ಆಕಾಶ ಕಾಣುತ್ತಿತ್ತಂತೆ, ಬಸ್ಸಿನ ಟಾಪ್ ಹತ್ತಿ ಮಲಗುತ್ತಿದ್ದರಂತೆ, ಕಂಡಕ್ಟರು ಹಾಡು ಹೇಳುತ್ತಿದ್ದನಂತೆ. ಇಷ್ಟು ವರ್ಷದಲ್ಲಿ ನಮಗ್ಯಾರಿಗೂ ಈ ಕಥೆ ಗೊತ್ತಿರಲಿಲ್ಲ. ನಮ್ಮ ಲೆಕ್ಕದಲ್ಲಿ ನೈಟ್ ಹಾಲ್ಟ್ ಅಂದರೆ ಅಪ್ಪ ಇಲ್ಲದ ರಾತ್ರಿ, ಅಷ್ಟೇ.

ಅಮ್ಮ ಕಂಬಳಿಯೊಳಗಿಂದಲೇ, ‘ನಾನು ಎಷ್ಟು ಸಲ ಕೇಳಿದ್ದೆ ರೀ, ಒಂದು ದಿನ ಕರ್ಕೊಂಡು ಹೋಗಿ ಅಂತ. ಈಗ ಕರ್ಕೊಂಡು ಬಂದ್ರಿ’ ಅಂದಳು. ಅಪ್ಪ ಏನೂ ಹೇಳಲಿಲ್ಲ. ಆ ಎತ್ತರದಲ್ಲಿ ಜೂನ್ ತಿಂಗಳಲ್ಲೂ ಮೈ ನಡುಗುವ ಚಳಿ. ಒಳಗೆ ಹೋಗಿ ಹೀಟರ್ ಹಾಕಿ ಮಲಗಿದೆವು.

ನಾಲ್ಕನೆಯ ದಿನ ನನ್ನ ಲೆಕ್ಕದಲ್ಲಿ ದೊಡ್ಡ ದಿನ. ಹಿಂದಿನ ಮಧ್ಯಾಹ್ನ ಇಮೇಲ್ ಬಂದಿತ್ತು. ಕ್ಯಾಲಿಫೋರ್ನಿಯಾದ ಒಂದು ಕಂಪನಿಯ ಮೊದಲ ಸುತ್ತಿನ ವಿಡಿಯೊ ಸಂದರ್ಶನ, ಅರಿಝೋನಾ ಸಮಯ ಮಧ್ಯಾಹ್ನ ಎರಡಕ್ಕೆ. ನಮ್ಮ ದಾರಿ ಡೆಸರ್ಟ್ ವ್ಯೂ, ಕ್ಯಾಮೆರಾನ್ ಮೂಲಕ ನವಾಹೊ ಬುಡಕಟ್ಟಿನವರ ಸೀಮೆಯನ್ನು ಹಾದು ಪೇಜ್ ಎಂಬ ಊರಿಗೆ. ಇಲ್ಲೊಂದು ತಮಾಷೆಯಿದೆ. ಬೇಸಿಗೆಯಲ್ಲಿ ಅಮೆರಿಕದ ಬಹುತೇಕ ಕಡೆ ಗಡಿಯಾರವನ್ನು ಒಂದು ತಾಸು ಮುಂದೆ ಮಾಡುತ್ತಾರೆ. ಅರಿಝೋನಾ ಮಾಡುವುದಿಲ್ಲ. ಆದರೆ ಅರಿಝೋನಾದೊಳಗೇ ಇರುವ ನವಾಹೊ ಸೀಮೆ ಮಾಡುತ್ತದೆ. ಹಾಗಾಗಿ ಆ ದಾರಿಯಲ್ಲಿ ಫೋನಿನ ಗಡಿಯಾರ ಒಮ್ಮೆ ಮುಂದೆ ಹಾರುತ್ತದೆ, ಪೇಜ್ ಮುಟ್ಟಿದ ಮೇಲೆ ಹಿಂದೆ ಬರುತ್ತದೆ. ನಡುನಡುವೆ ಸಿಗ್ನಲ್ಲೇ ಇರುವುದಿಲ್ಲ. ಅತ್ತಿಗೆಯ ಫೋನು ಒಂದು ಹೇಳಿತು, ನನ್ನದು ಇನ್ನೊಂದು. ನನಗೆ ಎದೆ ಹೊಡೆದುಕೊಳ್ಳತೊಡಗಿತು. ಅಪ್ಪ ತಮ್ಮ ಹಳೆಯ ಎಚ್‌ಎಂಟಿ ವಾಚನ್ನು ಫೀನಿಕ್ಸಿನಲ್ಲಿ ಸರಿ ಮಾಡಿಕೊಂಡವರು ಆಮೇಲೆ ಮುಟ್ಟಿರಲಿಲ್ಲ. ಕೈ ಎತ್ತಿ ತೋರಿಸಿ, ‘ಡಿಪೊ ಟೈಮ್ ಒಂದೇ ಪುಟ್ಟಿ. ಎರಡು ಗಂಟೆಗೆ ತಾನೇ? ಒಂದೂವರೆಗೆ ಸ್ಟ್ಯಾಂಡಿನಲ್ಲಿರ್ತೀವಿ’ ಅಂದರು.

ಒಂದು ಇಪ್ಪತ್ತಕ್ಕೆ ಪೇಜ್‌ನಲ್ಲಿದ್ದೆವು. ದೊಡ್ಡ ಅಂಗಡಿಯೊಂದರ ಪಾರ್ಕಿಂಗ್ ಜಾಗದಲ್ಲಿ ಸಿಗ್ನಲ್ ಚೆನ್ನಾಗಿ ಸಿಕ್ಕಿತು. ಊಟದ ಮೇಜನ್ನು ಒರೆಸಿ ಲ್ಯಾಪ್‌ಟಾಪ್ ಇಟ್ಟೆ. ಹಿಂದೆ ಒಲೆ, ಕುಕ್ಕರ್ ಕಾಣದಂತೆ ಅತ್ತಿಗೆ ಬೆಡ್‌ಷೀಟ್ ಕಟ್ಟಿದಳು. ಜನರೇಟರ್ ಸದ್ದು ಬೇಡವೆಂದು ಅಪ್ಪ ಆರಿಸಿದರು. ಅಂದರೆ ಎಸಿಯೂ ಇಲ್ಲ. ನಾಲ್ಕೂ ಜನ ಇಳಿದು ಗಾಡಿಯ ಪಕ್ಕಕ್ಕೆ ಬಿದ್ದಿದ್ದ ಅಷ್ಟಗಲ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ನಲವತ್ತು ನಿಮಿಷ. ಒಳಗೆ ನಾನು ಬೆವರುತ್ತಾ ಡೇಟಾಬೇಸ್ ಬಗ್ಗೆ ಮಾತಾಡುತ್ತಿದ್ದರೆ ಕಿಟಕಿಯಲ್ಲಿ ಅಮ್ಮನ ತಲೆಯ ಮೇಲಿನ ಸೆರಗು ಮಾತ್ರ ಕಾಣುತ್ತಿತ್ತು. ಸಂದರ್ಶನ ಮಾಡಿದವಳು ಕೊನೆಯಲ್ಲಿ ‘ಎಲ್ಲಿಂದ ಮಾತಾಡ್ತಿದೀಯ?’ ಅಂತ ಕೇಳಿದಳು. ಆರ್‌ವಿ ಅಂದೆ. ಅವಳ ಅಪ್ಪ ಅಮ್ಮನೂ ಆರ್‌ವಿ ಇಟ್ಟುಕೊಂಡಿದ್ದಾರಂತೆ. ಐದು ನಿಮಿಷ ಅದೇ ಮಾತಾಯಿತು.

ಹಾಗಂತ ಕೆಲಸ ಸಿಕ್ಕಿತು ಅಂದುಕೊಳ್ಳಬೇಡಿ. ಎರಡನೇ ಸುತ್ತು ಆಯಿತು, ಮೂರನೆಯದಕ್ಕೆ ಕರೆ ಬರಲಿಲ್ಲ. ಇದನ್ನು ಬರೆಯುತ್ತಿರುವಾಗ ಕ್ಯಾಲೆಂಡರಿನಲ್ಲಿ 43 ಗೆರೆಗಳಿವೆ. ಇನ್ನೆರಡು ಕಡೆ ಮಾತು ನಡೆಯುತ್ತಿದೆ.

ಆ ರಾತ್ರಿ ಯೂಟಾ ಗಡಿ ದಾಟಿ ಲೇಕ್ ಪವೆಲ್ ದಂಡೆಯ ಲೋನ್ ರಾಕ್ ಬೀಚಿನಲ್ಲಿ ತಂಗಿದೆವು. ನೀರಿನ ಅಂಚಿನವರೆಗೂ ಗಾಡಿ ಇಳಿಸಿ ನಿಲ್ಲಿಸಬಹುದು. ಅಣ್ಣನಿಗೆ ಅಲ್ಲಿಗೇ ಹೋಗುವ ಆಸೆ. ಅಪ್ಪ ಇಳಿದು, ಮರಳನ್ನು ಹಿಮ್ಮಡಿಯಲ್ಲಿ ತುಳಿದು ನೋಡಿ, ‘ಬೇಡ. ಹೂತರೆ ಬ್ರೇಕ್‌ಡೌನ್ ವ್ಯಾನ್ ಎಲ್ಲಿಂದ ಬರಬೇಕು?’ ಅಂತ ಮೇಲಿನ ಗಟ್ಟಿ ನೆಲದಲ್ಲೇ ನಿಲ್ಲಿಸಿದರು. ಬೆಳಿಗ್ಗೆ ಎದ್ದು ನೋಡಿದರೆ ಕೆಳಗೆ ಒಂದು ಗಾಡಿಯನ್ನು ಇನ್ನೊಂದು ಗಾಡಿ ಹಗ್ಗ ಕಟ್ಟಿ ಎಳೆಯುತ್ತಿತ್ತು.

ಇದು ಎಲ್ಲರಿಗೂ ಮೋಜಲ್ಲ ಅನ್ನುವುದನ್ನೂ ಹೇಳಬೇಕು. ಜೆಸಿಕಾ ಬ್ರೂಡರ್ ಅವರ ‘ನೊಮ್ಯಾಡ್‌ಲ್ಯಾಂಡ್’ ಪುಸ್ತಕ 2017ರಲ್ಲಿ ಬಂತು. ಅದನ್ನು ಆಧರಿಸಿ ಕ್ಲೋಯಿ ಜಾವೊ ಮಾಡಿದ ಸಿನಿಮಾಕ್ಕೆ 2021ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. 2008ರ ಆರ್ಥಿಕ ಕುಸಿತದ ನಂತರ ಮನೆ, ಉಳಿತಾಯ ಕಳೆದುಕೊಂಡ ವಯಸ್ಸಾದವರು ವ್ಯಾನುಗಳಲ್ಲೇ ಬದುಕುತ್ತಾ, ಕ್ರಿಸ್‌ಮಸ್‌ಗೆ ಮುಂಚೆ ಗೋದಾಮುಗಳಲ್ಲಿ ಪಾರ್ಸೆಲ್ ಕಟ್ಟುತ್ತಾ, ಸುಗ್ಗಿಯಲ್ಲಿ ಸಕ್ಕರೆ ಬೀಟ್‌ರೂಟ್ ಕೀಳಲು ಹೋಗುತ್ತಾ ಊರೂರು ಅಲೆಯುವ ಕಥೆ ಅದು. ಆರ್‌ವಿ ತಯಾರಿಸುವ ಊರಿನ ಕಥೆಯೂ ಬೇರೆಯಲ್ಲ. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಈ ಉದ್ಯಮದ ರಾಜಧಾನಿ. ಜನರ ಕೈಯಲ್ಲಿ ದುಡ್ಡು ಓಡಾಡುವಾಗ ಅಲ್ಲಿ ಕೆಲಸವೋ ಕೆಲಸ. ಕೈ ಬಿಗಿಯಾದ ಕೂಡಲೇ ಜನ ಮೊದಲು ಕೊಳ್ಳುವುದು ಬಿಡುವುದೇ ಇಂಥದ್ದನ್ನು. 2009ರ ಫೆಬ್ರುವರಿಯಲ್ಲಿ ಅಧ್ಯಕ್ಷ ಒಬಾಮಾ ಆ ಊರಿಗೆ ಹೋದಾಗ ಅಲ್ಲಿನ ನಿರುದ್ಯೋಗ ನೂರಕ್ಕೆ 15ನ್ನು ದಾಟಿತ್ತು.

ಕ್ಯಾನ್ಯನ್ನಿನ ಕ್ಯಾಂಪಿನಲ್ಲಿ ನಮಗೆ ಸಿಕ್ಕ ದಂಪತಿ ಈ ಎರಡರ ನಡುವಿನವರು. ಮನೆ ಮಾರಿ ಆರ್‌ವಿಗೆ ಬಂದವರು, ಸಂಕಟಕ್ಕಲ್ಲ, ಇಷ್ಟಕ್ಕೆ. ಬೇಸಿಗೆಯಲ್ಲಿ ಇಂಥ ಕ್ಯಾಂಪುಗಳಲ್ಲಿ ‘ಕ್ಯಾಂಪ್ ಹೋಸ್ಟ್’ ಆಗಿ ಬಂದವರನ್ನು ವಿಚಾರಿಸಿಕೊಳ್ಳುತ್ತಾರೆ, ಬದಲಿಗೆ ಗಾಡಿ ನಿಲ್ಲಿಸುವ ಜಾಗ ಪುಕ್ಕಟೆ. ಚಳಿಗಾಲಕ್ಕೆ ಅರಿಝೋನಾದ ಕ್ವಾರ್ಟ್‌ಸೈಟ್ ಎಂಬ ಮರುಭೂಮಿಯ ಊರಿಗೆ ಇಳಿಯುತ್ತಾರೆ. ಜನವರಿಯಲ್ಲಿ ಅಲ್ಲಿ ಆರ್‌ವಿಗಳದ್ದೇ ಜಾತ್ರೆ. ಆಕೆ ಅಪ್ಪನ ರಿವರ್ಸ್ ನೋಡಿದ್ದರು. ‘ನಿಮ್ಮ ತಂದೆ ಎಷ್ಟು ವರ್ಷದಿಂದ ಗಾಡಿಯಲ್ಲಿದ್ದಾರೆ?’ ಅಂತ ನನ್ನನ್ನು ಕೇಳಿದರು. ಅಪ್ಪನಿಗೆ ಹೇಳಿದೆ. ‘ಮೂವತ್ತೆರಡು ವರ್ಷ ಸರ್ವಿಸು’ ಅಂದರು. ನಾನು ಮೂವತ್ತೆರಡು ಅಂತ ಅನುವಾದಿಸಿದೆ. ಆಕೆ ಕೈಮುಗಿಯುವುದೊಂದು ಬಾಕಿ. ಬಿಡಿಸಿ ಹೇಳಲು ಹೋಗಲಿಲ್ಲ, ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಖರ್ಚಿನ ಮಾತು. ಬಾಡಿಗೆ, ಮೈಲಿಗಿಷ್ಟು ಅಂತ ಕೊಡುವ ಶುಲ್ಕ, ವಿಮೆ, ಇಂಧನ, ಕ್ಯಾಂಪು ಎಲ್ಲ ಸೇರಿ ಐದು ಜನಕ್ಕೆ ಸುಮಾರು 1,600 ಡಾಲರ್ ಆಯಿತು. ಎರಡು ಹೋಟೆಲ್ ರೂಮು, ಮೂರು ಹೊತ್ತು ಹೊರಗಿನ ಊಟ ಅಂದರೆ ಇದಕ್ಕಿಂತ ಕಡಿಮೆಯೇನೂ ಆಗುತ್ತಿರಲಿಲ್ಲ. ಆದರೆ ಅಗ್ಗ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಬ್ಬರೇ ಹೋಗುವುದಾದರೆ ಕಾರು, ಟೆಂಟು ಸಾಕು.

ನಮ್ಮ ಕಡೆಯೂ ಇದು ನಿಧಾನವಾಗಿ ಬರುತ್ತಿದೆ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದ ಮೇಲೆ ವಾಗಮನ್‌ನಲ್ಲಿ ಪಾರ್ಕ್ ಶುರುವಾಯಿತು. ಬೆಂಗಳೂರಿನಲ್ಲೂ ಕ್ಯಾಂಪರ್‌ವ್ಯಾನುಗಳು ಬಾಡಿಗೆಗೆ ಸಿಗುತ್ತವೆ. ಕೊರತೆ ಇರುವುದು ಗಾಡಿಯದ್ದಲ್ಲ, ರಾತ್ರಿ ಭಯವಿಲ್ಲದೆ ನಿಲ್ಲಿಸುವ ಜಾಗದ್ದು, ಟ್ಯಾಂಕು ಖಾಲಿ ಮಾಡುವ ವ್ಯವಸ್ಥೆಯದ್ದು. ಕಾಡಿನಲ್ಲಂತೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತಂಗುವಂತಿಲ್ಲ. ಹಾಗೆ ನೋಡಿದರೆ ನಮ್ಮವರಿಗೆ ಇದು ಹೊಸದೂ ಅಲ್ಲ. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಉತ್ತರ ಕರ್ನಾಟಕದ ರೈತರು ಚಕ್ಕಡಿಗೆ ಕಮಾನು ಕಟ್ಟಿ, ರೊಟ್ಟಿ ಬುತ್ತಿ ಕಟ್ಟಿಕೊಂಡು, ಹಾದಿಯಲ್ಲಿ ಕೊರಳು ಬಿಚ್ಚಿ, ಗುಡ್ಡದ ಬುಡದಲ್ಲಿ ಬಿಡಾರ ಹೂಡುತ್ತಾರೆ. ಈಗ ಚಕ್ಕಡಿಯ ಜಾಗಕ್ಕೆ ಟ್ರ್ಯಾಕ್ಟರು, ಕಮಾನಿನ ಜಾಗಕ್ಕೆ ತಾಡಪತ್ರಿ ಬಂದಿದೆ. ಅಷ್ಟೇ ವ್ಯತ್ಯಾಸ.

ಐದನೆಯ ಸಂಜೆ ಗಾಡಿ ವಾಪಸು ಕೊಟ್ಟೆವು. ಟ್ಯಾಂಕುಗಳು ಖಾಲಿಯಾಗಿವೆಯೇ, ಇಂಧನ ತುಂಬಿದೆಯೇ, ಗೀರು ಬಿದ್ದಿದೆಯೇ ಅಂತ ಕಚೇರಿಯವರು ಪಟ್ಟಿ ಹಿಡಿದು ನೋಡುತ್ತಿದ್ದರೆ ಅಪ್ಪ ಪಕ್ಕದಲ್ಲೇ ನಿಂತು ಜೇಬಿನ ಡೈರಿಯಲ್ಲಿ ಏನೋ ಲೆಕ್ಕ ಹಾಕುತ್ತಿದ್ದರು. ಬಗ್ಗಿ ನೋಡಿದೆ. ಹೊರಟ ಹೊತ್ತು, ಮುಟ್ಟಿದ ಹೊತ್ತು, ಮೀಟರಿನ ಓದು, ಹಾಕಿಸಿದ ಇಂಧನ ಎಲ್ಲವೂ ಲಾಗ್‌ಶೀಟಿನಂತೆ ಗೆರೆ ಹಾಕಿ ಬರೆದಿತ್ತು. ಒಟ್ಟು 1,152 ಕಿಲೋಮೀಟರ್, 320 ಲೀಟರ್. ಭಾಗಿಸಿ 3.6 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದರು.

‘ನಮ್ಮ ಡಿಪೊದಲ್ಲಿ ಈ ಕೆಎಂಪಿಎಲ್ ತಂದಿದ್ರೆ ಮೆಮೊ ಕೊಡ್ತಿದ್ರು’ ಅಂದರು.